ನೀರಿನ ಬದಲು ಗಾಳಿ ಎಳೆಯುವ ಪಂಪ್

ಪ್ರಶ್ನೆ: ಚಿಕ್ಕಬಳ್ಳಾಪುರ ತಾಲ್ಲೂಕಿನಲ್ಲಿ, ನಂದಿಬೆಟ್ಟದ ತಪ್ಪಲಲ್ಲಿ ನಮ್ಮ ತೋಟದ ಮನೆಯಿದೆ. ಮೊಮ್ಮಕ್ಕಳಿಗೆಂದು ಕಟ್ಟಿಸಿದ ಸಣ್ಣ ಈಜುಕೊಳಕ್ಕೆ ಒಂದು ಎಚ್.ಪಿ. ಪಂಪ್ ಹಾಕಿಸಿದ್ದೇವೆ. ಬೇಸಿಗೆ ಶುರುವಾದಾಗಿನಿಂದ ಕೊಳಕ್ಕೆ ವಾಪಸು ಬರುವ ನೀರಿನಲ್ಲಿ ಗುಳ್ಳೆಗಳು ಏಳುತ್ತಿದ್ದವು. ಈಗ ಸ್ವಿಚ್ ಹಾಕಿದರೆ ಮೋಟಾರ್ ಗುಂಯ್ ಎನ್ನುತ್ತದೆಯೇ ಹೊರತು ತಿರುಗುವುದಿಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸುಮ್ಮನಾಗುತ್ತದೆ. ಎಲ್ಲಿಯೂ ನೀರು ಸೋರುತ್ತಿಲ್ಲ. ವೈಂಡಿಂಗ್ (ಮೋಟಾರಿನೊಳಗಿನ ತಂತಿಯ ಸುತ್ತು) ಹೋಗಿದೆ, ಸುತ್ತಿಸಿ ಎನ್ನುತ್ತಾರೆ. ಸುತ್ತಿಸಬೇಕೆ, ಹೊಸ ಪಂಪ್ ತರಬೇಕೆ?

ಉತ್ತರ: ಎರಡೂ ಈಗಲೇ ಬೇಡ. ಮೋಟಾರ್ ಸುತ್ತುವುದೇ ನನ್ನ ಕಸುಬು. ಆದರೂ ಹೇಳುತ್ತೇನೆ, ಸುತ್ತಿಸುವ ಅಗತ್ಯವೇ ಇಲ್ಲದ ಮೋಟಾರುಗಳು ನಮ್ಮ ಅಂಗಡಿಗಳಿಗೆ ಬಹಳ ಬರುತ್ತವೆ. ವೈಂಡಿಂಗ್ ಸುಟ್ಟಿದ್ದರೆ ಸಾಮಾನ್ಯವಾಗಿ ಸ್ವಿಚ್ ಹಾಕಿದೊಡನೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ಲೈನ್ ಕಡಿಯುವ ಸ್ವಿಚ್ಚು) ಬೀಳುತ್ತದೆ, ಇಲ್ಲವೇ ಸದ್ದೇ ಇರುವುದಿಲ್ಲ. ಹತ್ತಿರ ಹೋದರೆ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಹೊಡೆಯುತ್ತದೆ. ಗುಂಯ್ ಎನ್ನುವ ಮೋಟಾರಿನಲ್ಲಿ ಹೆಚ್ಚಾಗಿ ಇನ್ನೂ ಜೀವ ಇರುತ್ತದೆ. ಅದು ತಾನಾಗಿಯೇ ಸುಮ್ಮನಾಗುವುದು ಒಳಗೆ ಕೂರಿಸಿರುವ ಓವರ್‌ಲೋಡ್ ಸ್ವಿಚ್ಚು ಬಿಸಿಗೆ ಕಡಿದುಕೊಳ್ಳುವುದರಿಂದ. ಮತ್ತೆ ಮತ್ತೆ ಸ್ವಿಚ್ ಹಾಕಿ ಪರೀಕ್ಷಿಸಲು ಹೋಗಬೇಡಿ. ತಿರುಗದೆ ನಿಂತ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಚೆನ್ನಾಗಿರುವ ವೈಂಡಿಂಗ್ ಸುಡುವುದು ಆಗಲೇ.

ಮೇನ್ ಸ್ವಿಚ್ ಆಫ್ ಮಾಡಿ. ಮೋಟಾರಿನ ಹಿಂಬದಿಯ ಮುಚ್ಚಳ ಬಿಚ್ಚಿ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ, ಮೋಟಾರ್ ತಿರುಗಲು ಶುರುವಿನ ನೂಕು ಕೊಡುವ ಕಂಡೆನ್ಸರ್ ಸತ್ತಿರುವ ಸಂಭವ ಹೆಚ್ಚು. ಉಬ್ಬಿದ ಅಥವಾ ಎಣ್ಣೆ ಜಿನುಗಿದ ಕಂಡೆನ್ಸರ್ ನೋಡಿದರೆ ಸಾಕು, ಗೊತ್ತಾಗುತ್ತದೆ. ಹೊಸದು ತರುವಾಗ ಹಳೆಯದರ ಮೇಲೆ ಅಚ್ಚಾಗಿರುವಷ್ಟೇ ಮೈಕ್ರೋಫ್ಯಾರಡ್ ಇರಬೇಕು. ವೋಲ್ಟ್ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಕೂಡದು. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಹಾಗಾಗಿ ಬಿಚ್ಚುವ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಸ್ವಿಚ್ ಹಾಕಿಟ್ಟು ಫ್ಯಾನಿಗೆ ಕಡ್ಡಿ ಕೊಟ್ಟು ತಿರುಗಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಯಾರೂ ಮಾಡಬೇಡಿ, ಬೆರಳು ಹೋಗುತ್ತದೆ.

ಫ್ಯಾನ್ ಬಿಗಿಯಾಗಿದ್ದರೆ, ಅಥವಾ ತಿರುಗುವಾಗ ಕರಕರ ಎಂದರೆ, ತೊಂದರೆ ಬೇರಿಂಗಿನಲ್ಲೋ ಇಂಪೆಲ್ಲರಿನಲ್ಲೋ (ನೀರನ್ನು ತಳ್ಳುವ ಒಳಗಿನ ಚಕ್ರ) ಇದೆ. ನೀವು ಬರೆದಿರುವುದನ್ನು ನೋಡಿದರೆ ನನ್ನ ಅನುಮಾನ ಇದರ ಮೇಲೆಯೇ. ಯಾಕೆಂದರೆ ಮೊದಲು ಬಂದದ್ದು ಗುಳ್ಳೆ. ಗಾಳಿ ಎಳೆಯುತ್ತಾ ಓಡುವ ಪಂಪಿನಲ್ಲಿ, ನೀರು ಮೋಟಾರಿನ ಕಡೆ ಹೋಗದಂತೆ ಶಾಫ್ಟಿನ ಸುತ್ತ ತಡೆಯುವ ಮೆಕ್ಯಾನಿಕಲ್ ಸೀಲಿಗೆ ತಂಪು ಸಿಗುವುದಿಲ್ಲ. ಸೀಲ್ ಬಿಸಿಯಾಗಿ ಸವೆಯುತ್ತದೆ, ನೀರು ಹನಿಹನಿಯಾಗಿ ಶಾಫ್ಟಿಗುಂಟ ಮುಂದಿನ ಬೇರಿಂಗಿಗೆ ಇಳಿಯುತ್ತದೆ, ಬೇರಿಂಗ್ ತುಕ್ಕು ಹಿಡಿಯುತ್ತದೆ. ಪಂಪ್ ಮತ್ತು ಮೋಟಾರ್ ಕೂಡುವ ಜಾಗದ ಕೆಳಗೆ ಟಾರ್ಚ್ ಹಾಕಿ ನೋಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಅಲ್ಲಿ ಸುಣ್ಣದಂಥ ಬಿಳಿ ಗೆರೆ, ಅದರೊಳಗೆ ತುಕ್ಕಿನ ಕೆಂಪು ಕಂಡರೆ ಸೀಲ್ ಹೋಗಿದೆ ಎಂದೇ ತಿಳಿಯಿರಿ. ಹನಿ ಬಿದ್ದಲ್ಲೇ ಆರಿಹೋಗಿದ್ದರಿಂದ ನಿಮಗೆ ಸೋರಿಕೆ ಕಂಡಿರಲಾರದು. ಸೀಲನ್ನೂ ಬೇರಿಂಗುಗಳನ್ನೂ ಒಟ್ಟಿಗೇ ಬದಲಿಸಿ. ಒಂದನ್ನು ಬಿಟ್ಟು ಒಂದನ್ನು ಹಾಕಿಸಿದರೆ ಕೂಲಿ ಎರಡು ಸಲ ಕೊಡಬೇಕಾಗುತ್ತದೆ.

ಇಷ್ಟಾದರೂ ಗಾಳಿ ಬರುವ ದಾರಿ ಮುಚ್ಚದಿದ್ದರೆ ಹೊಸ ಸೀಲಿಗೂ ಅದೇ ಗತಿ. ನಮ್ಮ ಜಿಲ್ಲೆಗಳವರಿಗೆ ಪಂಪ್ ಎಂದರೆ ಕೊಳವೆಬಾವಿಯ ಆಳದಲ್ಲಿ ನೀರೊಳಗೆ ಕುಳಿತು ಮೇಲಕ್ಕೆ ತಳ್ಳುವ ಸಬ್‌ಮರ್ಸಿಬಲ್. ಅದರ ಪೈಪ್ ತೂತಾದರೆ ನೀರು ಚಿಮ್ಮುತ್ತದೆ, ಕಣ್ಣಿಗೆ ಕಾಣುತ್ತದೆ. ಈಜುಕೊಳದ ಪಂಪ್ ಹೊರಗೆ ಕುಳಿತು ನೀರನ್ನು ಎಳೆಯುತ್ತದೆ. ಎಳೆಯುವ ಬದಿಯ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅಲ್ಲಿಂದ ನೀರು ಹೊರಬರುವುದಿಲ್ಲ, ಗಾಳಿ ಒಳಹೋಗುತ್ತದೆ. ‘ಎಲ್ಲಿಯೂ ಸೋರುತ್ತಿಲ್ಲ’ ಎಂದು ನೀವು ಬರೆದದ್ದು ಅದಕ್ಕೇ.

ಮೊದಲು ಕೊಳದ ಮಟ್ಟ ನೋಡಿ. ನೀರು ಸ್ಕಿಮ್ಮರ್ (ಮೇಲ್ಮೈಯ ನೀರನ್ನು ಪಂಪಿಗೆ ಎಳೆದುಕೊಳ್ಳುವ, ಕೊಳದ ಗೋಡೆಯ ಕಿಂಡಿ) ಬಾಯಿಯ ಅರ್ಧದವರೆಗೆ ಇರಬೇಕು. ಏಪ್ರಿಲ್ ಬಿಸಿಲಿಗೂ ಒಣಗಾಳಿಗೂ ನೀರು ಆರಿ ಮಟ್ಟ ಇಳಿಯುತ್ತದೆ, ಆಗ ಸ್ಕಿಮ್ಮರ್ ನೀರಿನ ಜೊತೆಗೆ ಗಾಳಿಯನ್ನೂ ನುಂಗುತ್ತದೆ. ಆಮೇಲೆ ಪಂಪಿನ ಮುಂದೆ ಕಸ ಹಿಡಿಯುವ ಬುಟ್ಟಿ. ತೋಟದ ಅಂಚಿನಲ್ಲಿ ನೀಲಗಿರಿ ಮರಗಳಿದ್ದರೆ ದಿನವೂ ತೆಗೆದು ತೊಳೆಯಬೇಕು. ಆ ಉದ್ದನೆಯ ಎಲೆಗಳು ಚಾಪೆ ಹೆಣೆದಂತೆ ಒಂದರ ಮೇಲೊಂದು ಕೂತು ತೂತುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಬುಟ್ಟಿಯ ಮುಚ್ಚಳದ ರಬ್ಬರ್ ರಿಂಗ್ ತೆಗೆದು ಬೆರಳಿನ ಸುತ್ತ ಬಾಗಿಸಿ. ಬಿರುಕು ಬಾಯಿ ತೆರೆದರೆ ಬದಲಿಸಿ. ಅದು ಕೂರುವ ತೋಡಿನಲ್ಲಿ ಒಂದು ಮರಳಿನ ಕಣವೂ ಇರಬಾರದು. ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ವ್ಯಾಸಲಿನ್, ಗಾಡಿಯ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ಇನ್ನೂ ಗುಳ್ಳೆ ನಿಲ್ಲಲಿಲ್ಲವೆಂದರೆ, ಪಂಪ್ ಓಡುತ್ತಿರುವಾಗ ಎಳೆಯುವ ಬದಿಯ ಒಂದೊಂದು ಯೂನಿಯನ್ ಮೇಲೂ, ಒಂದೊಂದು ಜಾಯಿಂಟ್ ಮೇಲೂ ಶೇವಿಂಗ್ ನೊರೆ ಹಚ್ಚುತ್ತಾ ಬನ್ನಿ. ನೊರೆ ಎಲ್ಲಿ ಗುಳಿ ಬಿದ್ದು ಒಳಗೆ ಸರಿಯುತ್ತದೋ ಅದೇ ತೂತು. ಮೋಟಾರಿಗೆ ಮಾತ್ರ ತೇವ ತಾಗಿಸಬೇಡಿ.

ಪ್ರಶ್ನೆ: ಪಂಪ್ ಓಡುವಾಗ ಕೊಳದ ಏಣಿ ಮುಟ್ಟಿದರೆ ಜುಂ ಎನ್ನುತ್ತದೆ. ಸಣ್ಣ ಶಾಕ್, ಪರವಾಗಿಲ್ಲ ಎನ್ನುತ್ತಾರೆ ಮನೆಯವರು. (ತುಮಕೂರು)

ಉತ್ತರ: ಖಂಡಿತ ಪರವಾಗಿಲ್ಲ ಎನ್ನುವಂತಿಲ್ಲ! ಇದನ್ನು ಓದಿದೊಡನೆ ಪಂಪಿನ ಮೇನ್ ಸ್ವಿಚ್ ಆಫ್ ಮಾಡಿ, ಮಕ್ಕಳನ್ನು ನೀರಿಗೆ ಬಿಡಬೇಡಿ. ಒದ್ದೆ ಮೈಗೆ ಕರೆಂಟ್ ಸುಲಭವಾಗಿ ಹರಿಯುತ್ತದೆ. ನೀರಿನೊಳಗೆ ಸ್ನಾಯುಗಳು ಹಿಡಿದುಕೊಂಡರೆ ಈಜು ಬಲ್ಲವರೂ ಮುಳುಗುತ್ತಾರೆ. ಎಂಸಿಬಿ ಇದೆಯಲ್ಲ ಎಂದು ಧೈರ್ಯವಾಗಿರಬೇಡಿ. ಅದು ವೈರನ್ನು ಕಾಯುತ್ತದೆ, ಮನುಷ್ಯರನ್ನಲ್ಲ. ಪಂಪಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್ಚು) ಬೇಕೇ ಬೇಕು, ಮೋಟಾರಿನ ಮೈಗೆ ಸರಿಯಾದ ಅರ್ಥಿಂಗ್ ಬೇಕು, ಏಣಿಯನ್ನೂ ಅದಕ್ಕೆ ಜೋಡಿಸಿರಬೇಕು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ಮೆಗ್ಗರ್ (ಇನ್ಸುಲೇಷನ್ ಅಳೆಯುವ ಉಪಕರಣ) ಹಾಕಿ ಪರೀಕ್ಷಿಸುವವರೆಗೆ ಕೊಳಕ್ಕೆ ಬೀಗ ಹಾಕಿಡಿ.

ಪ್ರಶ್ನೆ: ಮರಳಿನ ಫಿಲ್ಟರನ್ನು ವಾರಕ್ಕೊಮ್ಮೆ ಬ್ಯಾಕ್‌ವಾಶ್ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆಯುವುದು) ಮಾಡಬೇಕೆ? (ಬಂಗಾರಪೇಟೆ)

ಉತ್ತರ: ವಾರದ ಲೆಕ್ಕ ಬಿಡಿ, ಫಿಲ್ಟರಿನ ಮೇಲಿನ ಒತ್ತಡದ ಗೇಜ್ ನೋಡಿ. ಫಿಲ್ಟರ್ ಶುಚಿಯಾಗಿದ್ದಾಗ ಮುಳ್ಳು ಎಲ್ಲಿರುತ್ತದೆಂದು ಬರೆದಿಡಿ. ಅದಕ್ಕಿಂತ 8–10 ಪಿಎಸ್‌ಐ ಏರಿದಾಗ ಮಾಡಿದರೆ ಸಾಕು. ವರ್ಷವಿಡೀ ಹರಿಯುವ ನದಿಯಿಲ್ಲದೆ, ಬೆಂಗಳೂರಿನಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ತಂದು ಕೆರೆ ತುಂಬಿಸಿಕೊಳ್ಳುತ್ತಿರುವ ಕೋಲಾರ ಜಿಲ್ಲೆ ನಮ್ಮದು. ಅಗತ್ಯವಿಲ್ಲದೆ ಒಂದು ಬಿಂದಿಗೆ ನೀರನ್ನು ಚರಂಡಿಗೆ ಬಿಡುವುದಕ್ಕೂ ನನಗೆ ಮನಸ್ಸು ಒಪ್ಪುವುದಿಲ್ಲ. ಬ್ಯಾಕ್‌ವಾಶ್ ನೀರನ್ನು ತೆರೆದ ತೊಟ್ಟಿಗೆ ಬಿಟ್ಟು, ಕೆಲವು ದಿನ ಬಿಸಿಲಿಗೆ ಕ್ಲೋರಿನ್ ಹಾರಿಹೋದ ಮೇಲೆ ಮರಗಳ ಬುಡಕ್ಕೆ ಹಾಕಬಹುದು. ಉಪ್ಪು ಬಳಸುವ ಕೊಳದ ನೀರನ್ನು ಹಾಕಬೇಡಿ. ಇನ್ನೊಂದು ಮಾತು: ಪಂಪ್ ಓಡುತ್ತಿರುವಾಗ ಫಿಲ್ಟರಿನ ವಾಲ್ವ್ ಹಿಡಿಯನ್ನು ತಿರುಗಿಸಬೇಡಿ. ಒತ್ತಡಕ್ಕೆ ಒಳಗಿನ ಗ್ಯಾಸ್ಕೆಟ್ ಕಿತ್ತುಬರುತ್ತದೆ.