ಕುರು ತೊಡೆಯಲ್ಲಿ, ಸ್ಯಾಂಪಲ್ ಮೂಗಿನಿಂದ ಯಾಕೆ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 17 ವರ್ಷ. ಈ ವರ್ಷ ಮೂರು ಸಲ ತೊಡೆಯ ಮೇಲೆ ಕುರು ಎದ್ದಿದೆ. ಮಾತ್ರೆ ತಗೊಂಡರೆ ಇಳಿಯುತ್ತದೆ, ಮತ್ತೆ ಬರುತ್ತದೆ. ಈ ಸಲ ಕೀವಿನ ಜೊತೆ ಮೂಗಿನೊಳಗಿಂದಲೂ ಸ್ಯಾಂಪಲ್ ತೆಗೆದರು. ಸ್ಟ್ಯಾಫ್ ಎಂಬ ಬ್ಯಾಕ್ಟೀರಿಯಾ ಅಂದರು. ಹುಡುಗ ದಿನಾ ಸ್ನಾನ ಮಾಡುತ್ತಾನೆ. ನಾವು ಅಷ್ಟು ಕೊಳಕಾಗಿದ್ದೇವಾ ಎಂದು ಬೇಜಾರಾಗಿದೆ.

ಉತ್ತರ: ಮೊದಲು ಆ ಬೇಜಾರು ಬಿಡಿ. ಸುಮಾರು 100 ಜನರಲ್ಲಿ 30 ಜನರ ಮೂಗಿನಲ್ಲಿ ಈ ಸ್ಟ್ಯಾಫಿಲೊಕಾಕಸ್ ಆರಿಯಸ್ ಸುಮ್ನೆ ಕೂತಿರುತ್ತದೆ, ಏನೂ ತೊಂದರೆ ಕೊಡದೆ. ಮೂಗೇ ಅದರ ಮನೆ. ಕೈ ಮೂಗಿಗೆ ಹೋಗುತ್ತದೆ, ಅದೇ ಕೈ ತೊಡೆ ಕೆರೆಯುತ್ತದೆ. ಕೂದಲಿನ ಬುಡದಲ್ಲಿ ಸಣ್ಣ ಗೀರಿದ್ದರೂ ಸಾಕು, ಒಳಗೆ ಇಳಿಯುತ್ತದೆ. ನಿಮ್ಮ ಡಾಕ್ಟರು ಮೂಗನ್ನು ನೋಡಿದ್ದು ಇದಕ್ಕೇ. ಅಲ್ಲಿ ಸಿಕ್ಕಿದರೆ ಮೂಗಿಗೆ ಹಚ್ಚುವ ಮುಲಾಮು ಬರೆದುಕೊಡುತ್ತಾರೆ. ಸಾಮಾನ್ಯವಾಗಿ 5 ದಿನ. ಮನೆಯಲ್ಲಿ ಬೇರೆಯವರಿಗೂ ಕುರು ಏಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಓದುವಾಗ ಮೊದಲ ಸಲ ಒಂದು ಹನಿ ಕೀವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ದು ನನಗಿನ್ನೂ ನೆನಪಿದೆ. ಬಣ್ಣ ಹಾಕಿದ ಗಾಜಿನ ಮೇಲೆ ನೇರಳೆ ಚುಕ್ಕಿಗಳು, ಥೇಟ್ ದ್ರಾಕ್ಷಿ ಗೊಂಚಲು. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಸರ್ಜನ್ ಇದನ್ನೇ ರೋಗಿಯೊಬ್ಬನ ಕೀವಿನಲ್ಲಿ ಕಂಡರು. ಎರಡು ವರ್ಷದ ನಂತರ ಇಟ್ಟ ಹೆಸರೂ ಅದೇ: ಗ್ರೀಕ್ ಭಾಷೆಯಲ್ಲಿ ಸ್ಟ್ಯಾಫಿಲೆ ಎಂದರೆ ದ್ರಾಕ್ಷಿ ಗೊಂಚಲು.

ಈಗ ಮುಖ್ಯವಾದ ಮಾತು. ಕುರುವನ್ನು ಹಿಚುಕಬೇಡಿ. ನಾನು ಹೌಸ್ ಸರ್ಜನ್ ಆಗಿದ್ದಾಗ ಒಬ್ಬ ಹುಡುಗ ಬಂದಿದ್ದ. ಮೇಲ್ದುಟಿಯ ಮೇಲಿನ ಗುಳ್ಳೆಯನ್ನು ರಾತ್ರಿ ಹಿಂಡಿದ್ದಾನೆ. ಬೆಳಗ್ಗೆ ಏಳುವಷ್ಟರಲ್ಲಿ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಮೂಗು, ತುಟಿಯ ಸುತ್ತಲಿನ ರಕ್ತನಾಳಗಳಿಗೆ ಮಿದುಳಿನ ಬುಡದ ತನಕ ದಾರಿ ಇದೆ. ಅವನು ಹುಷಾರಾಗಿ ಮನೆಗೆ ಹೋದ, ಆದರೆ ಆ ಮೂರು ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಸಣ್ಣ ಕುರುವಾದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ. ಹಣ್ಣಾಗಿ ತಾನೇ ಬಾಯಿ ಬಿಡುತ್ತದೆ. ದೊಡ್ಡದಾದರೆ ಡಾಕ್ಟರು ಕೊಯ್ದು ಕೀವು ತೆಗೆಯಬೇಕು. ಕೀವು ಒಳಗೇ ಉಳಿದರೆ ಬರೀ ಮಾತ್ರೆಯಿಂದ ಜಾಸ್ತಿ ಉಪಯೋಗವಿಲ್ಲ. ಜ್ವರ ಬಂದರೆ, ಕೆಂಪು ಹರಡುತ್ತಾ ಹೋದರೆ ಅವತ್ತೇ ತೋರಿಸಿ, ನಾಳೆ ಎನ್ನಬೇಡಿ. ಇದು ರಕ್ತಕ್ಕೆ ಸೇರಿದರೆ ಮೂಳೆಯಲ್ಲಿ, ಹೃದಯದ ಕವಾಟದಲ್ಲಿ ಹೋಗಿ ಕೂರುತ್ತದೆ. ಮಗನ ಸಕ್ಕರೆಯನ್ನೂ ಒಂದು ಸಲ ಪರೀಕ್ಷೆ ಮಾಡಿಸಿ. ಟವೆಲ್, ರೇಜರ್ ಅವನದ್ದೇ ಬೇರೆ ಇರಲಿ.

ಹೋದ ಸಲದ ಮಾತ್ರೆ ಉಳಿದಿದೆ ಎಂದು ನೀವೇ ಕೊಡುವುದು ಮಾತ್ರ ಬೇಡ. ಈ ಬ್ಯಾಕ್ಟೀರಿಯಾ ಔಷಧಿಯನ್ನು ಬೇಗ ಕಲಿತುಬಿಡುತ್ತದೆ. ಪೆನಿಸಿಲಿನ್‌ಗೆ ಬಗ್ಗದ ಸ್ಟ್ಯಾಫ್‌ಗೆಂದೇ 1959ರಲ್ಲಿ ಮೆಥಿಸಿಲಿನ್ ಬಂತು. 1961ಕ್ಕೆ ಬ್ರಿಟನ್ನಿನಲ್ಲಿ ಅದಕ್ಕೂ ಬಗ್ಗದ ತಳಿ ಸಿಕ್ಕಿತು. ಅದೇ ಎಂಆರ್‌ಎಸ್‌ಎ. ಸ್ಯಾಂಪಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದ ಕಲ್ಚರ್ ರಿಪೋರ್ಟ್ ಬರಲಿ, ಅದರಲ್ಲಿ ಯಾವ ಔಷಧಿ ನಾಟುತ್ತದೆ ಎಂದು ಬರೆದಿರುತ್ತದೆ.

ಪ್ರಶ್ನೆ: ನನ್ನ ಬೆರಳಿನ ಗಾಯದಲ್ಲಿ ಕೀವಾಗಿದೆ. ಅಡುಗೆ ಮಾಡಬಹುದಾ? ಕುದಿಸಿದರೆ ಎಲ್ಲಾ ಸಾಯುತ್ತದೆ ಅಲ್ವಾ?

ಉತ್ತರ: ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಬಿಟ್ಟ ವಿಷ ಹೋಗುವುದಿಲ್ಲ. ಮಾಡಿಟ್ಟ ಅಡುಗೆಗೆ ನಿಮ್ಮ ಬೆರಳು ತಾಗಿ, ಅದು ಗಂಟೆಗಟ್ಟಲೆ ಹೊರಗೇ ಇದ್ದರೆ ಸ್ಟ್ಯಾಫ್ ಅಲ್ಲಿ ಬೆಳೆದು ವಿಷ ಬಿಡುತ್ತದೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ಅಷ್ಟೇ. ತಿಂದು ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಗಾಯ ಒಣಗುವ ತನಕ ಬೇರೆಯವರು ಅಡುಗೆ ಮಾಡಲಿ. ಮಾಡಲೇಬೇಕಾದರೆ ಗಾಯಕ್ಕೆ ಬ್ಯಾಂಡೇಜು ಸುತ್ತಿ, ಅದರ ಮೇಲೆ ಗ್ಲೌಸ್ ಹಾಕಿಕೊಳ್ಳಿ. ಮಿಕ್ಕಿದ್ದನ್ನು ಬೇಗ ಫ್ರಿಜ್ಜಿಗೆ ಇಡಿ.