ಕೋಡ್ ಬರೆದದ್ದು ನಾನು, ದುಡ್ಡು ಹಾಕಿದ್ದು ಪಾರ್ಟ್ನರ್. ಸಾಫ್ಟ್‌ವೇರ್ ಯಾರದ್ದು?

ನೀವು ಕೇಳಿದ್ದು ಇಷ್ಟು. ಗೆಳೆಯನ ಜೊತೆ ಸೇರಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಶುರು ಮಾಡಿದಿರಿ. ಕೋಡ್ ಪೂರ್ತಿ ನಿಮ್ಮದು. ಬಂಡವಾಳ, ಓಡಾಟ, ಮಾರಾಟ ಎಲ್ಲ ಅವರದ್ದು. ಒಪ್ಪಂದ ಅಂತ ಒಂದು ಹಾಳೆಯೂ ಇಲ್ಲ. ಈಗ ಮನಸ್ತಾಪ ಬಂದಿದೆ, 'ದುಡ್ಡು ಹಾಕಿದ್ದು ನಾನು, ಸಾಫ್ಟ್‌ವೇರ್ ನಂದು' ಅಂತಿದ್ದಾರೆ.

ನಾನು ವಕೀಲನಲ್ಲ. ಇದೇ ಹಳ್ಳಕ್ಕೆ ಬಿದ್ದು ಎದ್ದವನು, ಅಷ್ಟೇ. ಶಿವಮೊಗ್ಗದ ಕಡೆ ಅಡಿಕೆ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆದಿದ್ದೆ. ರೈತರ ಮುಂಗಡ, ತೂಕ, ಹಮಾಲಿ, ಅಡಿಕೆಯ ಬಗೆಗಳಲ್ಲಿ ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ಹಿಡಿದು ಕೊನೆಗೆ ಪಟ್ಟಿ, ಅಂದರೆ ರೈತನ ಲೆಕ್ಕದ ಚೀಟಿ, ಪ್ರಿಂಟ್ ಮಾಡುವವರೆಗೆ. ಮಂಡಿ ಮಂಡಿ ತಿರುಗಿ ಮಾರಿದ್ದು ನನ್ನ ಪಾಲುದಾರ. ಹತ್ತು ಗಿರಾಕಿಗಳಿದ್ದಾಗ ನಾವಿಬ್ಬರೂ ಅಣ್ಣತಮ್ಮಂದಿರ ಹಾಗಿದ್ದೆವು. ನಲವತ್ತು ದಾಟಿದ ಮೇಲೆ 'ಇದು ಯಾರದ್ದು' ಅನ್ನುವ ಮಾತು ಬಂತು. ದುಡ್ಡು ಬರದಿದ್ದಾಗ ಯಾರೂ ಆ ಪ್ರಶ್ನೆ ಕೇಳುವುದಿಲ್ಲ ನೋಡಿ.

ನಿಮಗೆ ಮೊದಲು ಒಳ್ಳೆ ಸುದ್ದಿ ಹೇಳುತ್ತೇನೆ. ಕಾಗದ ಇಲ್ಲ ಅನ್ನುವುದು ಮೇಲ್ನೋಟಕ್ಕೆ ಕೋಡ್ ಬರೆದವರಿಗೇ ಅನುಕೂಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಅಂದರೆ ಸಾಹಿತ್ಯ ಕೃತಿ. ನಗು ಬರುತ್ತೆ, ಆದರೆ ನಿಮ್ಮ ಜಿಎಸ್‌ಟಿ ಲೆಕ್ಕದ ಕೋಡೂ ಯಾರೋ ಬರೆದ ಕಾದಂಬರಿಯೂ ಕಾನೂನಿನ ಲೆಕ್ಕದಲ್ಲಿ ಒಂದೇ ಪಂಕ್ತಿಯಲ್ಲಿ ಕೂರುತ್ತವೆ. ಬರೆದವರೇ ಮೊದಲ ಮಾಲೀಕರು. ಸೆಕ್ಷನ್ 17ರಲ್ಲಿ ಇದಕ್ಕೆ ವಿನಾಯಿತಿಗಳಿವೆ. ಸಂಬಳದ ನೌಕರನಾಗಿ, ಕೆಲಸದ ಭಾಗವಾಗಿ ಬರೆದದ್ದು, ಬೇರೆ ಮಾತಾಗಿಲ್ಲದಿದ್ದರೆ, ಕೆಲಸ ಕೊಟ್ಟವರಿಗೆ ಸೇರುತ್ತದೆ. ದುಡ್ಡು ಕೊಟ್ಟು ಫೋಟೋ ತೆಗೆಸಿದರೆ ಅದು ತೆಗೆಸಿದವರದ್ದು ಅಂತಲೂ ಇದೆ. ಆದರೆ ದುಡ್ಡು ಕೊಟ್ಟು ಮಾಡಿಸುವ ಕೆಲಸಗಳ ಆ ಸಾಲಿನಲ್ಲಿ ಸಾಫ್ಟ್‌ವೇರ್ ಇಲ್ಲ. ಹಾಗಾಗಿ 'ದುಡ್ಡು ಹಾಕಿದ್ದು ನಾನು' ಅನ್ನುವುದೊಂದೇ ಸಾಲದು.

ಹಕ್ಕನ್ನು ಅವರಿಗೆ ಕೊಟ್ಟಿದ್ದೀರಿ ಅಂತಾಗಬೇಕಾದರೆ ಸೆಕ್ಷನ್ 19ರ ಪ್ರಕಾರ ಅದು ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಬಾಯಿಮಾತು ನಡೆಯುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಬರೆದುಕೊಟ್ಟಿದ್ದರೂ ಎಷ್ಟು ವರ್ಷಕ್ಕೆ ಅಂತ ಹಾಕದಿದ್ದರೆ ಐದೇ ವರ್ಷ ಅಂತ ಲೆಕ್ಕ. ಯಾವ ಜಾಗಕ್ಕೆ ಅಂತ ಹಾಕದಿದ್ದರೆ ಭಾರತಕ್ಕೆ ಮಾತ್ರ.

ಈಗ ಕೆಟ್ಟ ಸುದ್ದಿ. ನೀವು ಅವರಿಗೆ ನೌಕರರೂ ಅಲ್ಲ, ಹೊರಗಿನ ಫ್ರೀಲ್ಯಾನ್ಸರೂ ಅಲ್ಲ, ಪಾಲುದಾರರು. 1932ರ ಪಾಲುದಾರಿಕೆ ಕಾಯ್ದೆಯ ಸೆಕ್ಷನ್ 14 ಓದಿ. ಫರ್ಮಿಗೆ ತಂದು ಹಾಕಿದ್ದು, ಫರ್ಮಿನ ವ್ಯವಹಾರಕ್ಕಾಗಿ ಸಂಪಾದಿಸಿದ್ದು ಎಲ್ಲ ಫರ್ಮಿನ ಆಸ್ತಿ. ಡೀಡ್, ಅಂದರೆ ಪಾಲುದಾರಿಕೆ ಪತ್ರ, ಇಲ್ಲವಲ್ಲ ಅಂತ ನೆಮ್ಮದಿ ಬೇಡ, ಪಾಲುದಾರಿಕೆ ಬಾಯಿಮಾತಿನಲ್ಲೇ ಹುಟ್ಟಬಹುದು. ಇಬ್ಬರೂ ಸೇರಿ ವ್ಯಾಪಾರ ಮಾಡಿ ಲಾಭ ಹಂಚಿಕೊಂಡಿದ್ದರೆ ಅದನ್ನೇ ಎದುರಿಗೆ ಇಡುತ್ತಾರೆ. 'ಫರ್ಮಿಗೋಸ್ಕರ ಬರೆದದ್ದು' ಅಂತ ಅವರ ವಕೀಲರು, 'ಬರಹದಲ್ಲಿ ಹಕ್ಕು ಕೊಟ್ಟೇ ಇಲ್ಲ' ಅಂತ ನಿಮ್ಮ ವಕೀಲರು. ನಿಜವಾದ ಜಗಳದ ಜಾಗ ಇದು. ಕೋಡ್ ನಿಮ್ಮದೇ ಅಂತಾದರೂ, ಇಷ್ಟು ವರ್ಷ ಮಾರಲು ಬಿಟ್ಟಿದ್ದೀರಲ್ಲ, ಅದರಿಂದ ಬಳಸುವ ಅನುಮತಿ ಕೊಟ್ಟ ಹಾಗೇ ಆಯಿತು ಅನ್ನುವ ವಾದವೂ ಬರುತ್ತದೆ. ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದರೆ ಮತ್ತೆ ಬೇರೆ ಲೆಕ್ಕ. ಕಂಪನಿ ಅಂದರೆ ಕಾನೂನಿಗೆ ಮೂರನೇ ಮನುಷ್ಯ. ನೀವು ಶೇರುದಾರ ಅಂದ ಮಾತ್ರಕ್ಕೆ ಕೋಡ್ ಅದರದ್ದಾಗುವುದಿಲ್ಲ. ಆದರೆ ಅಲ್ಲಿಂದ ಸಂಬಳ ತಗೊಂಡಿದ್ದರೆ ಎಚ್ಚರ.

ಇದು ನಮ್ಮೂರಿನ ಸಣ್ಣವರ ಗೋಳು ಅಂದುಕೊಳ್ಳಬೇಡಿ. ಮೈಕ್ರೋಸಾಫ್ಟಿನ ಮೊದಲ ದೊಡ್ಡ ಜಗಳವೇ ಇಂಥದ್ದು. 1975ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಎಂಐಟಿಎಸ್ ಅನ್ನುವ ಕಂಪನಿ ಆಲ್ಟೇರ್ 8800 ಎಂಬ ಪುಟ್ಟ ಕಂಪ್ಯೂಟರ್ ಮಾರುತ್ತಿತ್ತು. ಮೈಕ್ರೋಸಾಫ್ಟ್ ಕಟ್ಟಿದ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್, ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಅದರಲ್ಲಿ ಓಡುವ ಹಾಗೆ ಸಾಫ್ಟ್‌ವೇರ್ ಬರೆದುಕೊಟ್ಟರು. ಒಪ್ಪಂದದಲ್ಲಿ ಹತ್ತು ವರ್ಷ ಎಂಐಟಿಎಸ್‌ಗೆ ಮಾತ್ರ ಹಕ್ಕು. ಸಹಿ ಹಾಕಿದಾಗ 3,000 ಡಾಲರ್, ಆಮೇಲೆ ಕಾಪಿಗಿಷ್ಟು ಅಂತ ರಾಯಲ್ಟಿ, ಅದಕ್ಕೂ 1,80,000 ಡಾಲರಿನ ಮಿತಿ. ಪಾಲ್ ಅಲೆನ್ ಅದೇ ಎಂಐಟಿಎಸ್‌ನಲ್ಲಿ ಕೆಲಸಕ್ಕೂ ಸೇರಿದ್ದರು. ನಮ್ಮಲ್ಲಾಗಿದ್ದರೆ ಎದುರಿನ ವಕೀಲರು ಮೊದಲು ಹಿಡಿಯುತ್ತಿದ್ದದ್ದು ಅದನ್ನೇ!

ಬೇರೆ ಕಂಪ್ಯೂಟರ್ ಕಂಪನಿಗಳೂ ಬೇಸಿಕ್ ಬೇಕು ಅಂತ ಬಂದವು. ಎಂಐಟಿಎಸ್‌ಗೆ ಅವರೆಲ್ಲ ಪೈಪೋಟಿಯವರು, ಕೊಡಲು ಮನಸ್ಸಿಲ್ಲ. 1977ರಲ್ಲಿ ಪರ್ಟೆಕ್ ಅನ್ನುವ ಕಂಪನಿ ಎಂಐಟಿಎಸ್ಸನ್ನೇ ಕೊಂಡುಕೊಂಡು, ಬೇಸಿಕ್ಕೂ ನಮ್ಮದೇ ಅಂತ ಕೂತಿತು. ವಿಷಯ ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಷನ್ನಿಗೆ ಹೋಯಿತು. ತೀರ್ಪು ಬರುವವರೆಗೆ ಮೈಕ್ರೋಸಾಫ್ಟಿನ ಕೈ ಬಿಗಿ. ಕೊನೆಗೆ ಅವರನ್ನು ಕಾಪಾಡಿದ್ದು ಒಪ್ಪಂದದಲ್ಲಿದ್ದ ಒಂದು ಮಾತು. ಈ ಸಾಫ್ಟ್‌ವೇರನ್ನು ಬೇರೆಯವರಿಗೂ ಮಾರಲು ಎಂಐಟಿಎಸ್ ತನ್ನ ಕೈಲಾದ ಎಲ್ಲ ಪ್ರಯತ್ನ ಮಾಡಬೇಕು ಅಂತ ಅದರಲ್ಲಿತ್ತು. ಮಾಡಿರಲಿಲ್ಲ. ಆ ವರ್ಷದ ಕೊನೆಯ ಹೊತ್ತಿಗೆ ತೀರ್ಪು ಮೈಕ್ರೋಸಾಫ್ಟ್ ಪರ ಬಂತು. ಬೇಸಿಕ್ಕನ್ನು ಯಾರಿಗೆ ಬೇಕಾದರೂ ಮಾರುವ ದಾರಿ ತೆರೆಯಿತು. ಹಕ್ಕು ಕೊಟ್ಟರೆ ಜೊತೆಗೆ ಹೊಣೆಯನ್ನೂ ಕಟ್ಟಬೇಕು ಅಂತ ನನಗೆ ಗೊತ್ತಾದದ್ದು ಈ ಕಥೆಯಿಂದ. ಗೊತ್ತಾಗುವ ಹೊತ್ತಿಗೆ ನನ್ನದು ಮುಗಿದಿತ್ತು ಬಿಡಿ.

ನಮ್ಮದು ಕೋರ್ಟಿಗೆ ಹೋಗಲಿಲ್ಲ. ನನ್ನ ಕೈಲಿ ಕೋಡ್ ಇತ್ತು, ಕೋಡಿನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಗಿಟ್‌ನಲ್ಲಿ ಮೊದಲ ದಿನದಿಂದ ಎಲ್ಲ ದಾಖಲೆ ಇತ್ತು. ನನ್ನ ಪಾಲುದಾರನ ಕೈಲಿ ಗಿರಾಕಿಗಳು, ಡೊಮೈನ್ ಅಂದರೆ ವೆಬ್‌ಸೈಟ್ ವಿಳಾಸ, ಎಲ್ಲ ಮಂಡಿಯವರೂ ಫೋನ್ ಮಾಡುವ ಆ ಒಂದು ನಂಬರ್. ನಂದು ಹಾಳೆಯ ಮೇಲೆ ಗಟ್ಟಿ, ಅವನದ್ದು ಪೇಟೆಯಲ್ಲಿ ಗಟ್ಟಿ. ಒಂದು ರಾತ್ರಿ ಸಿಟ್ಟು ಬಂದು, ಎಲ್ಲ ಮಂಡಿಗಳಲ್ಲಿ ಸಾಫ್ಟ್‌ವೇರ್ ತೆರೆಯುವ ಲೈಸೆನ್ಸ್ ಕೀ ಕೆಲಸ ಮಾಡದ ಹಾಗೆ ಮಾಡಿಬಿಡೋಣ ಅಂತ ಕೂತಿದ್ದೆ. ಎರಡೇ ಸಾಲಿನ ಕೆಲಸ. ಸುಗ್ಗಿ ಕಾಲ. ಬೆಳಗ್ಗೆ ಅಡಿಕೆ ತಂದ ರೈತ ಪಟ್ಟಿ ಸಿಗದೆ ಮಂಡಿ ಕಟ್ಟೆಯ ಮೇಲೆ ಕೂತಿರುತ್ತಾನೆ ಅಂತ ಕಣ್ಣಿಗೆ ಕಟ್ಟಿತು, ಬಿಟ್ಟೆ. ಆಮೇಲೆ ವಕೀಲರು ಹೇಳಿದರು, ಒಳ್ಳೆಯದೇ ಮಾಡಿದಿರಿ ಅಂತ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರ್ ಕೆಲಸ ನಿಲ್ಲಿಸಿದರೆ 2000ದ ಐಟಿ ಕಾಯ್ದೆಯ ಸೆಕ್ಷನ್ 43 ಮತ್ತು 66 ಮೈಮೇಲೆ ಬರುತ್ತವೆ. ಮೂರು ವರ್ಷದವರೆಗೆ ಜೈಲೂ ಆಗಬಹುದು. ನಿಮಗೂ ಆ ಯೋಚನೆ ಬಂದಿರುತ್ತದೆ, ಪ್ರೋಗ್ರಾಮರ್‌ಗಳಿಗೆ ಬಂದೇ ಬರುತ್ತದೆ. ಬೇಡ.

ಮಾಡಬೇಕಾದ್ದು ಬೇರೆ ಇದೆ. ಹಳೆಯ ಮೇಲ್, ವಾಟ್ಸಾಪ್ ಮಾತು, ಗಿಟ್ ದಾಖಲೆ ಎಲ್ಲದರ ಕಾಪಿ ಇವತ್ತೇ ತೆಗೆದಿಟ್ಟುಕೊಳ್ಳಿ. 'ನೀನು ಬರೆದದ್ದು ಚೆನ್ನಾಗಿದೆ' ಅಂತ ಅವರು ಎಂದೋ ಕಳಿಸಿದ ಒಂದು ಸಾಲು ಕೂಡ ಉಪಯೋಗಕ್ಕೆ ಬರುತ್ತದೆ. ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಆದರೂ ಮಾಡಿಸಿ. ಶುಲ್ಕ 500 ರೂಪಾಯಿ. ಸೋರ್ಸ್ ಕೋಡಿನ ಮೊದಲ 10 ಪುಟ, ಕೊನೆಯ 10 ಪುಟ ಕೊಡಬೇಕು, ಏನನ್ನೂ ಮುಚ್ಚದೆ. ಅರ್ಜಿಗೆ ನಂಬರ್ ಬಂದ ಮೇಲೆ ತಕರಾರಿಗೆ ಅಂತ 30 ದಿನ ಕಾಯುತ್ತಾರೆ. ನಿಮ್ಮ ಪಾಲುದಾರರು ತಕರಾರು ಹಾಕಬಹುದು, ಹಾಕಲಿ. ಅವರ ವಾದ ಏನು ಅಂತ ಮೊದಲೇ ನಿಮಗೆ ಗೊತ್ತಾಗುತ್ತದೆ. ಸಾಫ್ಟ್‌ವೇರಿನ ಹೆಸರು ಟ್ರೇಡ್‌ಮಾರ್ಕ್‌ಗೆ ಸೇರಿದ್ದು, ಅದು ಬೇರೆಯೇ ಕಥೆ. ಯಾರ ಹೆಸರಲ್ಲಿದೆ ನೋಡಿಕೊಳ್ಳಿ.

ಪೊಲೀಸ್ ಠಾಣೆಗೆ ಓಡುವುದಕ್ಕಿಂತ ಮಾತುಕತೆ ಮೇಲು. 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಬೆಲೆಯ ವ್ಯಾಪಾರದ ದಾವೆಯಾದರೆ, ತುರ್ತು ತಡೆಯಾಜ್ಞೆ ಕೇಳದಿದ್ದರೆ, ದಾವೆ ಹಾಕುವ ಮುಂಚೆ ಮಧ್ಯಸ್ಥಿಕೆಗೆ ಹೋಗಲೇಬೇಕು ಅಂತ ಕಾನೂನೇ ಇದೆ. ಹೇಗೂ ಅಲ್ಲಿ ಕೂರಬೇಕು, ಈಗಲೇ ಕೂತು ನೋಡಿ. ನಾವು ಕೂತಿದ್ದು ಒಬ್ಬ ಹಿರಿಯ ಮಂಡಿ ಸಾಹುಕಾರರ ಗದ್ದಿಗೆಯಲ್ಲಿ. ಕೋಡ್ ನನಗೆ, ಆಗಲೇ ಇದ್ದ ಗಿರಾಕಿಗಳನ್ನು ಎರಡು ವರ್ಷ ನೋಡಿಕೊಳ್ಳುವ ಹಕ್ಕು ಅವನಿಗೆ, ವರ್ಷಕ್ಕಿಷ್ಟು ಅಂತ ನನಗೆ ದುಡ್ಡು. ಅವನು ಮೊದಲ ವರ್ಷದ್ದು ಕೊಟ್ಟ, ಎರಡನೆಯದು ಅರ್ಧ ಕೊಟ್ಟ. ನಾನೂ ಕೇಳಲಿಲ್ಲ.

ಒಂದು ವಿಷಯ ನೀವು ಬರೆದಿಲ್ಲ. ನಿಮಗೆ ತಿಂಗಳಿಗೆ ಬರುತ್ತಿದ್ದ ದುಡ್ಡು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಏನಂತ ಇದೆ? 'ಸ್ಯಾಲರಿ' ಅಂತಲೋ, ಲಾಭದ ಪಾಲು ಅಂತಲೋ? ವಕೀಲರ ಹತ್ತಿರ ಹೋಗುವ ಮುಂಚೆ ಅದನ್ನು ತೆಗೆದು ನೋಡಿ.