ಹಳೆಯ ಸೋವಿಯತ್ ಕ್ಯಾಮೆರಾಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ರಷ್ಯಾದ ಹಳೆಯ ಫಿಲ್ಮ್ ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ. ಝೆನಿಟ್-ಇ, ಝೋರ್ಕಿ-4, ಫೆಡ್-2, ಕೀವ್-4 ಇಷ್ಟು ಹೆಸರು ಕೇಳಿದ್ದೇನೆ. ಮೊದಲ ಕ್ಯಾಮೆರಾ ಯಾವುದಾಗಬೇಕು?

ಉತ್ತರ: ಇವೆಲ್ಲವನ್ನೂ ರಷ್ಯಾದವು ಎಂದು ಕರೆಯುವುದು ರೂಢಿ, ಆದರೆ ಸೋವಿಯತ್ ಎನ್ನುವುದೇ ಸರಿ. ಝೋರ್ಕಿ ಮತ್ತು ಝೆನಿಟ್ ಮಾಸ್ಕೋ ಸಮೀಪದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯವು. ಫೆಡ್ ಉಕ್ರೇನಿನ ಖಾರ್ಕಿವ್‌ನದು. ಜರ್ಮನಿಯ ಲೈಕಾ 2 ಕ್ಯಾಮೆರಾದ ಮಾದರಿಯನ್ನು ನೋಡಿ ಅಲ್ಲಿ 1934ರಲ್ಲಿ ತಯಾರಿಕೆ ಶುರುವಾಯಿತು. ಕೀವ್ ಹುಟ್ಟಿದ್ದು ಕೀವ್ ನಗರದ ಆರ್ಸೆನಲ್ ಕಾರ್ಖಾನೆಯಲ್ಲಿ, ಯುದ್ಧದ ನಂತರ ಜರ್ಮನಿಯಿಂದ ಬಂದ ಕಾಂಟ್ಯಾಕ್ಸ್ ಕ್ಯಾಮೆರಾದ ಯಂತ್ರೋಪಕರಣಗಳಿಂದ.

ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುವ ಅಭ್ಯಾಸವಿದ್ದರೆ ಝೆನಿಟ್-ಇ ಕೊಳ್ಳಿ. ಲಕ್ಷಗಟ್ಟಲೆ ತಯಾರಾದ ಕ್ಯಾಮೆರಾ ಇದು, ಆದ್ದರಿಂದ ಒಂದು ಸರಿಯಿಲ್ಲದಿದ್ದರೆ ಇನ್ನೊಂದು ಸಿಗುತ್ತದೆ. 1980ರ ಒಲಿಂಪಿಕ್ ಚಿಹ್ನೆ ಇರುವ ಝೆನಿಟ್-ಇ ಕೂಡ ಅಪರೂಪದ್ದಲ್ಲ. ಆ ಚಿಹ್ನೆಗೆಂದು ಹೆಚ್ಚು ಹಣ ಕೊಡಬೇಡಿ. ಒಂದು ಸಂಗತಿ ನೆನಪಿರಲಿ: ಇದರ ವ್ಯೂಫೈಂಡರಿನಲ್ಲಿ ಕಾಣುವುದು 20×28 ಮಿ.ಮೀ.ಯಷ್ಟೇ, ಫಿಲ್ಮಿನ ಮೇಲೆ ಬೀಳುವುದು 24×36. ಅಂಚಿನಲ್ಲಿ ಬೇಡದ್ದು ಸೇರಿಕೊಳ್ಳುವುದು ಇದೇ ಕಾರಣಕ್ಕೆ.

ರೇಂಜ್‌ಫೈಂಡರ್ (ಲೆನ್ಸಿನ ಮೂಲಕವಲ್ಲ, ಬೇರೆ ಕಿಟಕಿಯಲ್ಲಿ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಬಗೆ) ಬೇಕಿದ್ದರೆ ನಮ್ಮ ಮತ ಫೆಡ್-2ಕ್ಕೆ. ಅದರಲ್ಲಿ ಶಟರಿನ ನಿಧಾನ ವೇಗಗಳೇ ಇಲ್ಲ, ಅಂದರೆ ಕೆಡಬಹುದಾದ ಗೇರುಗಳ ಒಂದು ಇಡೀ ಗುಂಪು ಇಲ್ಲ. ರೇಂಜ್‌ಫೈಂಡರಿನ ಎರಡು ಕಿಟಕಿಗಳ ನಡುವಿನ ಅಂತರ 67 ಮಿ.ಮೀ., ಝೋರ್ಕಿ-4ರಲ್ಲಿ 38 ಮಾತ್ರ. ಅಂತರ ಹೆಚ್ಚಿದಷ್ಟೂ ಫೋಕಸ್ ನಿಖರ. ಕೀವ್ ಸೊಗಸಾದ ಯಂತ್ರ, ಆದರೆ ಅದರ ಶಟರ್ ರೇಷ್ಮೆ ಪಟ್ಟಿಗಳಿಗೆ ಜೋಡಿಸಿದ ಲೋಹದ ಪಟ್ಟೆಗಳದ್ದು. ಪಟ್ಟಿ ಹರಿದರೆ ಮನೆಯಲ್ಲಿ ಕೂತು ಸರಿಪಡಿಸುವ ಕೆಲಸವಲ್ಲ. ಅದು ಎರಡನೆಯ ಅಥವಾ ಮೂರನೆಯ ಕ್ಯಾಮೆರಾ ಆಗಲಿ.

ಪ್ರಶ್ನೆ: ಝೋರ್ಕಿ-4 ಒಂದು ಮಾರಾಟಕ್ಕಿದೆ. ಫಿಲ್ಮ್ ಹಾಕದೆ ಅದರ ಸ್ಥಿತಿ ತಿಳಿಯುವುದು ಹೇಗೆ?

ಉತ್ತರ: ಹತ್ತು ನಿಮಿಷ ಕೈಗೆ ಕೊಟ್ಟರೆ ಬಹುತೇಕ ಎಲ್ಲವೂ ತಿಳಿಯುತ್ತದೆ. ಲೆನ್ಸ್ ಬಿಚ್ಚಿ. ಕೆಳಭಾಗದ ಎರಡು ಕೀಲಿಗಳನ್ನು ತಿರುಗಿಸಿ ಹಿಂಬದಿಯನ್ನು ಪೂರ್ತಿ ಕಳಚಿ. ಫಿಲ್ಮ್ ಸುತ್ತಿಕೊಳ್ಳುವ ಸ್ಪೂಲ್ ಒಳಗಿದೆಯೇ ನೋಡಿ. ಅದು ಬಿಡಿ ಭಾಗ, ಎಷ್ಟೋ ಕ್ಯಾಮೆರಾಗಳಲ್ಲಿ ಕಳೆದೇ ಹೋಗಿರುತ್ತದೆ, ಅದಿಲ್ಲದೆ ಫಿಲ್ಮ್ ಓಡುವುದಿಲ್ಲ.

ಈಗ ನಿಧಾನವಾಗಿ ವೈಂಡ್ ಮಾಡುತ್ತ (ಫಿಲ್ಮ್ ಸರಿಸುವ ಗುಂಡಿ ತಿರುಗಿಸುತ್ತ) ಶಟರಿನ ಎರಡು ಬಟ್ಟೆಯ ಪರದೆಗಳನ್ನು ನೋಡಿ. ಎರಡೂ ಒಂದರ ಮೇಲೊಂದು ಅಂಚು ಕೂಡಿಸಿಕೊಂಡೇ ಸರಿಯಬೇಕು. ನಡುವೆ ಸಂದು ಕಂಡರೆ ವೈಂಡ್ ಮಾಡುವಾಗಲೇ ಫಿಲ್ಮಿಗೆ ಬೆಳಕು ಬೀಳುತ್ತದೆ. ಬಟ್ಟೆ ಮೆತ್ತಗಿರಬೇಕು; ಸುಕ್ಕುಗಟ್ಟಿ ಗಟ್ಟಿಯಾಗಿದ್ದರೆ ರಬ್ಬರ್ ಲೇಪ ಸತ್ತಿದೆ ಎಂದರ್ಥ.

ಮುಂದೆ ವೇಗದ ಪರೀಕ್ಷೆ. ಕ್ಯಾಮೆರಾವನ್ನು ಬೆಳಕಿರುವ ಬಿಳಿ ಗೋಡೆಯತ್ತ ಹಿಡಿದು, ಹಿಂದಿನಿಂದ ಕಣ್ಣಿಟ್ಟು 1/1000, 1/500, 1/250 ಸೆಕೆಂಡಿನಲ್ಲಿ ಕೆಲವು ಸಲ ಕ್ಲಿಕ್ ಮಾಡಿ. ಪ್ರತಿ ಸಲವೂ ಇಡೀ ಆಯತ ಒಂದೇ ಸಮ ಮಿಂಚಬೇಕು. ಒಂದು ಬದಿ ಕಪ್ಪಾಗಿ ಉಳಿದರೆ, ಹಿಂದಿನ ಪರದೆ ಓಡುತ್ತ ಮುಂದಿನದನ್ನು ಹಿಡಿದುಬಿಡುತ್ತಿದೆ. ಆ ವೇಗದಲ್ಲಿ ತೆಗೆದ ಚಿತ್ರಗಳ ಒಂದು ಪಾರ್ಶ್ವ ಕಪ್ಪಗಾಗುತ್ತದೆ. ಕಾರಣ ಹೆಚ್ಚಿನ ಸಲ ಪರದೆ ಸುತ್ತಿಕೊಳ್ಳುವ ಉರುಳೆಗಳ ತುದಿಯಲ್ಲಿ ಒಣಗಿದ ಎಣ್ಣೆ. ಹಲವರು ಥಟ್ಟನೆ ಪರದೆ ಎಳೆಯುವ ಸ್ಪ್ರಿಂಗ್ ಬಿಗಿಮಾಡಲು ಹೋಗುತ್ತಾರೆ. ಅದು ತಪ್ಪು ಕ್ರಮ: ಜಿಡ್ಡಿನ ಮೇಲೆ ಬಿಗಿ ಹೆಚ್ಚಿಸಿದರೆ ಬಟ್ಟೆಯ ಅಂಟು ಬಿಡುತ್ತದೆ, ಮುಂದೆ ಯಾರಾದರೂ ಶುಚಿ ಮಾಡಿದಾಗ ಎಲ್ಲ ವೇಗವೂ ಏರುಪೇರಾಗುತ್ತದೆ. ಮೊದಲು ಶುಚಿ, ಆಮೇಲೂ ಬೇಕಿದ್ದರೆ ಸ್ಪ್ರಿಂಗಿಗೆ ಕಾಲು ಸುತ್ತು, ಮತ್ತೆ ಪರೀಕ್ಷೆ.

ಒಂದು ಸೆಕೆಂಡಿಗೆ ಇಟ್ಟು ಕ್ಲಿಕ್ ಮಾಡಿ. ಗೇರುಗಳ ಸದ್ದು ಒಂದೇ ಲಯದಲ್ಲಿ ಕೇಳಿ ಪರದೆ ಮುಚ್ಚಬೇಕು. ನಡುವೆ ನಿಂತರೆ ನಿಧಾನ ವೇಗದ ಗೇರುಗಳಲ್ಲಿ ಎಣ್ಣೆ ಒಣಗಿದೆ. 1/60ಕ್ಕಿಂತ ಮೇಲಷ್ಟೇ ಬಳಸುವವರಿಗೆ ಇದು ದೊಡ್ಡ ದೋಷವಲ್ಲ. ಬೆಲೆ ಇಳಿಸಲು ಕಾರಣವಂತೂ ಹೌದು. ಫೋನಿನ ನಿಧಾನಗತಿ ವಿಡಿಯೋದಲ್ಲಿ 1/30ರವರೆಗಿನ ವೇಗಗಳನ್ನು ಅಳೆಯಬಹುದು: ಸೆಕೆಂಡಿಗೆ 240 ಚೌಕಟ್ಟಿನ ವಿಡಿಯೋ ಆದರೆ 1/30ಕ್ಕೆ ಎಂಟು ಚೌಕಟ್ಟು ಬೆಳಕು ಕಾಣಬೇಕು. ಅದಕ್ಕಿಂತ ಮೇಲಿನ ವೇಗಗಳಿಗೆ ಈ ಅಳತೆ ನಂಬಬೇಡಿ.

ಕೊನೆಗೆ ಲೆನ್ಸ್ ಹಾಕಿ ಅನಂತಕ್ಕೆ (∞ ಗುರುತಿಗೆ) ತಿರುಗಿಸಿ, ಒಂದು ಕಿಲೋಮೀಟರಿಗಿಂತ ದೂರದ ಗೋಪುರ ಅಥವಾ ಚಂದ್ರನನ್ನು ನೋಡಿ. ರೇಂಜ್‌ಫೈಂಡರಿನ ಎರಡು ಬಿಂಬ ಒಂದಾಗಬೇಕು. ಬಳಿಕ ಟೇಪ್ ಹಿಡಿದು ಒಂದು ಮೀಟರಿನಲ್ಲೂ ನೋಡಿ. ಅನಂತದಲ್ಲಿ ಮಾತ್ರ ತಪ್ಪಿದ್ದರೆ ಹೊಂದಿಸುವುದು ಸುಲಭ. ಅನಂತ ಸರಿಯಿದ್ದು ಹತ್ತಿರದಲ್ಲಿ ತಪ್ಪಿದರೆ ಲೆನ್ಸಿಗೆ ತಾಗುವ ಒಳಗಿನ ನಾಲಿಗೆಯನ್ನು ಯಾರೋ ಮುಟ್ಟಿದ್ದಾರೆ ಅಥವಾ ಲೆನ್ಸ್ ಬೇರೆ ಕ್ಯಾಮೆರಾದ್ದು, ಅಂಥದ್ದನ್ನು ಬಿಟ್ಟುಬಿಡಿ. ಬಿಂಬ ಮಸುಕಾಗಿ ಕಾಣುತ್ತಿದ್ದರೆ ರೇಂಜ್‌ಫೈಂಡರ್ ಹೊಂದಿಸುವ ಮೊದಲು ರಿವೈಂಡ್ ಗುಂಡಿಯ ಕೆಳಗಿರುವ ಕಣ್ಣಿನ ಪವರ್ ಹೊಂದಿಸುವ ಸನ್ನೆಕೋಲನ್ನು ತಿರುಗಿಸಿ ನೋಡಿ. ಅದು ಅಲ್ಲಿದೆ ಎಂದೇ ಬಹಳ ಜನಕ್ಕೆ ತಿಳಿದಿರುವುದಿಲ್ಲ.

ಪ್ರಶ್ನೆ: ವೈಂಡ್ ಮಾಡಿದ ಮೇಲೇ ಶಟರ್ ವೇಗ ಬದಲಿಸಬೇಕು ಎನ್ನುತ್ತಾರೆ. ನಿಜವೇ?

ಉತ್ತರ: ನಿಜ, ಫೆಡ್, ಝೋರ್ಕಿಗಳ ಮೊದಲ ನಿಯಮವೇ ಅದು. ಶಟರ್ ಓಡುವಾಗ ವೇಗದ ಡಯಲ್ ಕೂಡ ಸುತ್ತುತ್ತದೆ. ವೈಂಡ್ ಮಾಡಿದಾಗ ಮಾತ್ರ ಅದು ತನ್ನ ನಿಜವಾದ ಸ್ಥಾನಕ್ಕೆ ಬಂದು ನಿಲ್ಲುತ್ತದೆ. ಅದಕ್ಕೂ ಮೊದಲು ಎತ್ತಿ ತಿರುಗಿಸಿದರೆ ಒಳಗಿನ ಮೊಳೆ ತಪ್ಪು ರಂಧ್ರಕ್ಕೆ ಇಳಿಯುತ್ತದೆ. ಝೋರ್ಕಿ-4ರಲ್ಲಿ ಇನ್ನೊಂದು ಎಚ್ಚರಿಕೆ: 1/30 ಮತ್ತು 1 ಸೆಕೆಂಡಿನ ಗುರುತುಗಳ ನಡುವಿನ ಖಾಲಿ ಜಾಗವನ್ನು ದಾಟಿಸಬೇಡಿ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ. ತಪ್ಪಿ ಸಿಕ್ಕಿಕೊಂಡರೆ ಬಲ ಹಾಕಬಾರದು. ಶಟರ್ ಗುಂಡಿಯ ಸುತ್ತಲಿನ ಉಂಗುರ ರಿವೈಂಡ್ ಸ್ಥಾನದಲ್ಲಿ ಉಳಿದಿದೆಯೇ ನೋಡಿ. ಕೆಟ್ಟಿದೆ ಎಂದು ಮೂಲೆಗೆ ಬಿದ್ದ ಎಷ್ಟೋ ಕ್ಯಾಮೆರಾಗಳಿಗೆ ಆಗಿರುವುದು ಅಷ್ಟೇ. ಕೆಲಸ ಮುಗಿದ ಮೇಲೆ ಶಟರನ್ನು ವೈಂಡ್ ಆದ ಸ್ಥಿತಿಯಲ್ಲಿ ಎತ್ತಿಡಬೇಡಿ. ತಿಂಗಳಿಗೊಮ್ಮೆಯಾದರೂ ಎಲ್ಲ ವೇಗಗಳಲ್ಲೂ ಓಡಿಸಿ.

ಪ್ರಶ್ನೆ: ಫೆಡ್‌ನಲ್ಲಿ ತೆಗೆದ ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ. ಲ್ಯಾಬಿನ ತಪ್ಪೇ?

ಉತ್ತರ: ಅಲ್ಲ. ಪರದೆಯಲ್ಲಿ ಸೂಜಿರಂಧ್ರವಿದೆ. ಫೆಡ್, ಝೋರ್ಕಿಗಳಲ್ಲಿ ಝೆನಿಟ್‌ನಂತೆ ಪರದೆಯ ಮುಂದೆ ಕನ್ನಡಿ ಇಲ್ಲ. ಮುಚ್ಚಳವಿಲ್ಲದೆ ಬಿಸಿಲಿಗೆ ಮುಖ ಮಾಡಿಟ್ಟರೆ ಲೆನ್ಸ್ ಸೂರ್ಯನನ್ನು ಬಟ್ಟೆಯ ಮೇಲೆ ಕೇಂದ್ರೀಕರಿಸಿ ಸುಡುತ್ತದೆ. ಲೆನ್ಸ್, ಹಿಂಬದಿ ಎರಡೂ ತೆಗೆದು ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ವೈಂಡ್ ಮಾಡುವ ಮೊದಲು ಒಂದು ಸಲ, ಮಾಡಿದ ಮೇಲೆ ಒಂದು ಸಲ ನೋಡಬೇಕು, ಏಕೆಂದರೆ ಎರಡು ಸ್ಥಿತಿಯಲ್ಲಿ ಬೇರೆ ಬೇರೆ ಪರದೆ ಎದುರಾಗುತ್ತದೆ. ಬಟ್ಟೆಗೆ ಹಚ್ಚುವ, ಒಣಗಿದ ಮೇಲೂ ಬಾಗುವ ಕಪ್ಪು ಬಣ್ಣವನ್ನು ಸಣ್ಣ ಕುಂಚದ ತುದಿಯಲ್ಲಿ ತೆಳ್ಳಗೆ ಮುಟ್ಟಿಸಿ. ಗಟ್ಟಿಯಾಗುವ ಎನಾಮೆಲ್ ಬೇಡ, ಪರದೆ ಸುತ್ತಿಕೊಳ್ಳುವಾಗ ಅದು ಬಿರಿಯುತ್ತದೆ. ದಪ್ಪ ಹಚ್ಚಿದರೂ ಅಷ್ಟೇ, ಆ ಜಾಗ ಉರುಳೆಯ ಮೇಲೆ ಉಬ್ಬಿ ವೇಗ ಕೆಡಿಸುತ್ತದೆ. ಒಂದು ದಿನ ಪೂರ್ತಿ ಒಣಗಲಿ. ನಾಲ್ಕೈದಕ್ಕಿಂತ ಹೆಚ್ಚು ರಂಧ್ರಗಳಿದ್ದರೆ ಪರದೆಯನ್ನೇ ಬದಲಿಸುವುದು ಲೇಸು.

ಪ್ರಶ್ನೆ: ಝೆನಿಟ್-ಇ ಮೇಲಿನ ಲೈಟ್ ಮೀಟರಿನಲ್ಲಿ 32, 65, 130, 250 ಎಂದಿದೆ. ನನ್ನ ಫಿಲ್ಮ್ ಐಎಸ್ಒ 100. ಯಾವುದಕ್ಕೆ ಇಡಲಿ? ಮೀಟರನ್ನು ನಂಬಬಹುದೇ?

ಉತ್ತರ: ಅದು ಗೋಸ್ಟ್ ಎಂಬ ಸೋವಿಯತ್ ಮಾನಕ; ಐಎಸ್ಒದಂತೆಯೇ ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂದು ಹೇಳುತ್ತದೆ. ಐಎಸ್ಒ ಸಂಖ್ಯೆಯ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಎಂದುಕೊಳ್ಳಿ. 100ಕ್ಕೆ 90, ಅಂದರೆ 65 ಮತ್ತು 130ರ ನಡುವೆ ಇಡಿ. ಮೀಟರಿನ ಸೆಲೀನಿಯಂ ಕೋಶಕ್ಕೆ ಬ್ಯಾಟರಿ ಬೇಡ, ಆದರೆ ದಶಕಗಳಲ್ಲಿ ಅದರ ಶಕ್ತಿ ಕುಂದುತ್ತದೆ. ಮುಳ್ಳು ಅಲ್ಲಾಡಿದ ಮಾತ್ರಕ್ಕೆ ಸರಿಯಿದೆ ಎಂದಲ್ಲ. ಪರೀಕ್ಷೆ ಸುಲಭ: ನಿಚ್ಚಳ ಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್ಒ 100ಕ್ಕೆ ವೇಗ 1/125, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) ಎಫ್ 16 ಬರಬೇಕು. ಬಳಿಕ ನೆರಳಿನಲ್ಲೂ ಬೇರೆ ಮೀಟರಿನೊಂದಿಗೆ ಹೋಲಿಸಿ. ಎರಡೂ ಕಡೆ ಒಂದೇ ಪ್ರಮಾಣದಲ್ಲಿ ತಪ್ಪಿದರೆ ಫಿಲ್ಮ್ ಸಂಖ್ಯೆ ಬದಲಿಸಿ ಸರಿದೂಗಿಸಬಹುದು. ಬಿಸಿಲಲ್ಲಿ ಸರಿ, ನೆರಳಲ್ಲಿ ತಪ್ಪು ಎಂದಾದರೆ ಮೀಟರ್ ಮರೆತುಬಿಡಿ; ಕ್ಯಾಮೆರಾಕ್ಕೆ ಅದರ ಹಂಗಿಲ್ಲ.

ಪ್ರಶ್ನೆ: ಹದ್ದಿನ ಲಾಂಛನ, ಚಿನ್ನದ ಬಣ್ಣ, ಲೈಕಾ ಎಂಬ ಕೆತ್ತನೆ ಇರುವ ಕ್ಯಾಮೆರಾ ಅಗ್ಗಕ್ಕೆ ಬಂದಿದೆ. ಕೊಳ್ಳಲೇ?

ಉತ್ತರ: ಹೆಚ್ಚುಕಡಿಮೆ ಖಂಡಿತವಾಗಿ ವೇಷ ಹಾಕಿದ ಫೆಡ್ ಅಥವಾ ಝೋರ್ಕಿ. ಲೆನ್ಸ್ ಬಿಚ್ಚಿ ಒಳಗೆ ಮೇಲ್ಭಾಗ ನೋಡಿ. ಲೈಕಾದಲ್ಲಿ ಲೆನ್ಸಿಗೆ ತಾಗುವುದು ಉರುಳುವ ಪುಟ್ಟ ಗಾಲಿ. ಇವುಗಳಲ್ಲಿ ಬೆಣೆಯಾಕಾರದ ನಾಲಿಗೆ. ಸುಳ್ಳು ಹೆಸರಿಗೆ ಹಣ ಕೊಡಬೇಡಿ. ಒರಿಜಿನಲ್ ಕೆತ್ತನೆ ಅಳಿಸಿಹೋದ ಮೇಲೆ ಸಂಗ್ರಾಹಕರಿಗೆ ಅದು ಬೇಕಾಗುವುದಿಲ್ಲ.

ಪ್ರಶ್ನೆ: ಹೀಲಿಯೋಸ್-44-2 ಲೆನ್ಸಿನ ಫೋಕಸ್ ಉಂಗುರ ಬಹಳ ಬಿಗಿ. ನಾನೇ ಬಿಚ್ಚಬಹುದೇ?

ಉತ್ತರ: ಗಾಜಿನ ಭಾಗವನ್ನು ಬಿಡಿಸದೆ ಇಡಿಯಾಗಿ ಹೊರತೆಗೆದರೆ ಬಿಚ್ಚಬಹುದು. ಒಳಗೆ ತಿರುಪಿನಂತೆ ಒಂದರೊಳಗೊಂದು ಕೂರುವ ಲೋಹದ ಉಂಗುರಗಳಿವೆ, ಅವುಗಳ ತಿರುಪಿನ ಎಳೆಗಳಲ್ಲಿನ ಗ್ರೀಸು ಗಟ್ಟಿಯಾಗಿರುತ್ತದೆ. ತಿರುಗಿಸುತ್ತ ಎರಡು ಭಾಗ ಬೇರೆಯಾಗುವ ಆ ಕ್ಷಣದಲ್ಲಿ ನಿಲ್ಲಿಸಿ, ಎರಡರ ಮೇಲೂ ಸೂಜಿಯಿಂದ ನೇರ ಗೀರು ಎಳೆಯಿರಿ. ಈ ಎಳೆಗಳು ಹಲವು ಜಾಗಗಳಲ್ಲಿ ಶುರುವಾಗುತ್ತವೆ, ಯಾವುದರಲ್ಲೂ ಸೇರಿಕೊಳ್ಳಬಹುದು. ಗುರುತಿಲ್ಲದೆ ಜೋಡಿಸಿದರೆ ಲೆನ್ಸ್ ಅನಂತಕ್ಕೆ ತಲುಪುವುದೇ ಇಲ್ಲ. ನ್ಯಾಫ್ತಾ ಎಂಬ ದ್ರಾವಕದಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಹಳೆಯ ಗ್ರೀಸನ್ನೆಲ್ಲ ತೆಗೆಯಿರಿ. ಹೊಸ ಗ್ರೀಸು ಎಳೆಗಳ ಮೇಲೆ ತೆಳುವಾದ ಪದರವಾಗಿ ಸಾಕು. ಹೆಚ್ಚಾದದ್ದು ಅಪರ್ಚರ್ ಎಲೆಗಳಿಗೆ ಹರಿದು ಅವನ್ನು ಅಂಟಿಸುತ್ತದೆ.

ಪ್ರಶ್ನೆ: ಹಳೆಯ ಝೆನಿಟ್‌ನ 39 ಮಿ.ಮೀ. ತಿರುಪಿನ ಲೆನ್ಸ್ ನನ್ನ ಝೋರ್ಕಿಗೆ ಸಲೀಸಾಗಿ ಕೂತಿತು. ಎಲ್ಲ ಚಿತ್ರವೂ ಮಸುಕು.

ಉತ್ತರ: ತಿರುಪು ಒಂದೇ, ದೂರ ಬೇರೆ. ಝೋರ್ಕಿಯಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 28.8 ಮಿ.ಮೀ., ಝೆನಿಟ್‌ನಲ್ಲಿ 45.2. ನೇರವಾಗಿ ಅದು ಎಂದಿಗೂ ಫೋಕಸ್ ಆಗದು.

ಪ್ರಶ್ನೆ: ಸ್ಮೆನಾ-8ಎಂನಲ್ಲಿ ಒಂದು ಚಿತ್ರದ ಮೇಲೆ ಇನ್ನೊಂದು ಬೀಳುತ್ತಿದೆ.

ಉತ್ತರ: ಕ್ಯಾಮೆರಾ ಕೆಟ್ಟಿಲ್ಲ. ಅದರಲ್ಲಿ ಫಿಲ್ಮ್ ಸರಿಸುವುದು ಮೇಲಿನ ಚಕ್ರದಿಂದ, ಶಟರ್ ಎಳೆಯುವುದು ಲೆನ್ಸ್ ಪಕ್ಕದ ಸನ್ನೆಕೋಲಿನಿಂದ. ಎರಡಕ್ಕೂ ಸಂಬಂಧವಿಲ್ಲ, ಹಾಗಾಗಿ ಫಿಲ್ಮ್ ಸರಿಸದೆಯೂ ಮತ್ತೆ ಕ್ಲಿಕ್ ಆಗುತ್ತದೆ. ಚಿತ್ರ ತೆಗೆದ ಕೂಡಲೇ ಫಿಲ್ಮ್ ಸರಿಸಿ, ಶಟರ್ ಎಳೆಯುವುದನ್ನು ಮುಂದಿನ ಚಿತ್ರದ ಹೊತ್ತಿಗೆ ಬಿಡಿ. ಆಗ ಸನ್ನೆಕೋಲು ಎಳೆದಿಲ್ಲ ಎಂದರೆ ಫಿಲ್ಮ್ ಸರಿದಿದೆ ಎಂದು ಲೆಕ್ಕ.